ಮೇಳದ ಹತ್ತು ನಿಮಿಷದಲ್ಲಿ ಅವರು ಹುಡುಕುವುದು ಏನನ್ನು?

ಪ್ರಶ್ನೆ: ನಾನು ಲಕ್ಷ್ಮೇಶ್ವರ ತಾಲೂಕಿನವಳು. ಗದಗಿನ ಕಾಲೇಜಿನಲ್ಲಿ ಈ ವರ್ಷ ಇನ್ಫರ್ಮೇಷನ್ ಸೈನ್ಸ್ ಬಿಇ ಮುಗಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹುಬ್ಬಳ್ಳಿಯಲ್ಲಿ ನಡೆದ ಉದ್ಯೋಗ ಮೇಳಕ್ಕೆ ಹೋಗಿದ್ದೆ. ಮೂರು ತಾಸು ಪಾಳಿಯಲ್ಲಿ ನಿಂತು ಒಳಗೆ ಹೋದರೆ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಬಾಯಿಪಾಠ ಮಾಡಿದ್ದು ಅರ್ಧಕ್ಕೇ ಮರೆತುಹೋಯಿತು. ನಮ್ಮ ನಾಲ್ವರ ಪ್ರಾಜೆಕ್ಟ್ ಬ್ಯಾಡಗಿ ಮೆಣಸಿನಕಾಯಿಯ ದರ ತೋರಿಸುವ ವೆಬ್‌ಸೈಟ್. ಅದರ ಡೇಟಾಬೇಸ್‌ನಲ್ಲಿ ಪ್ರೈಮರಿ ಕೀ (ಟೇಬಲ್‌ನ ಪ್ರತಿ ಸಾಲನ್ನು ಪ್ರತ್ಯೇಕವಾಗಿ ಗುರುತಿಸುವಂಥದ್ದು) ಯಾವುದು ಎಂದು ಕೇಳಿದರು, ತಡವರಿಸಿದೆ. ರೆಸ್ಯೂಮೆಯಲ್ಲಿ ಪೈಥಾನ್, ಜಾವಾ, ಮಷೀನ್ ಲರ್ನಿಂಗ್, ಕ್ಲೌಡ್ ಎಲ್ಲ ಬರೆದಿದ್ದೆ. ಮುಂದಿನ ತಿಂಗಳು ಮತ್ತೊಂದು ಮೇಳವಿದೆ. ಅಷ್ಟರಲ್ಲಿ ಏನು ತಯಾರಿ ಮಾಡಲಿ? ಇಂಗ್ಲಿಷ್ ಸರಾಗವಾಗಿ ಬಾರದಿದ್ದರೆ ಕೆಲಸ ಸಿಗುವುದೇ ಇಲ್ಲವೇ? ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಇನ್ನೂ ಒಪ್ಪಿಲ್ಲ. ಕೆಲವು ಕಂಪನಿಗಳು ಎರಡು ವರ್ಷ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಕೇಳುತ್ತವಂತೆ, ಸಹಿ ಹಾಕಬಹುದೇ?

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ಆತಂಕವೆಲ್ಲ ಇಂಗ್ಲಿಷಿನ ಮೇಲಿದೆ. ನನ್ನ ಕಣ್ಣು ಮಾತ್ರ ಪ್ರೈಮರಿ ಕೀ ಸಾಲಿನ ಮೇಲೆ ನಿಂತಿತು. ಆ ದಿನ ಕೈಕೊಟ್ಟದ್ದು ಅದೇ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಒಂದು ತಿಂಗಳಲ್ಲಿ ಸರಿಪಡಿಸಿಕೊಳ್ಳಬಹುದು.

ಹೊಸ ಪದವೀಧರರನ್ನು ಸಂದರ್ಶನ ಮಾಡುವುದು ನನ್ನ ಕೆಲಸದ ಒಂದು ಭಾಗ. ಹುಬ್ಬಳ್ಳಿ-ಧಾರವಾಡದ ಮೇಳಗಳಲ್ಲೂ ಮೇಜಿನ ಆ ಬದಿಗೆ ಕೂತಿದ್ದೇನೆ. ಅಲ್ಲಿ ಕೂತವರಿಗೆ ಏನು ಕಾಣುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಉಳಿದದ್ದು ಅದರಿಂದಲೇ ತಿಳಿಯುತ್ತದೆ. ಮುಂದೆ ರೆಸ್ಯೂಮೆಗಳ ದೊಡ್ಡ ಕಟ್ಟು ಇರುತ್ತದೆ. ಮುಕ್ಕಾಲು ಪಾಲು ಒಂದೇ ನಮೂನೆಯವು. ಅದೇ ನಾಲ್ಕು ಭಾಷೆ, ಅದೇ ಮಷೀನ್ ಲರ್ನಿಂಗ್, ಅದೇ ‘ಶ್ರಮಜೀವಿ, ಬೇಗ ಕಲಿಯುವವಳು’ ಎಂಬ ಸಾಲು. ಅಂಕಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಹೊರಗೆ ಪಾಳಿ ಬೆಳೆಯುತ್ತಲೇ ಇರುತ್ತದೆ. ಹತ್ತು ನಿಮಿಷದಲ್ಲಿ ಇವರನ್ನು ಮುಂದಿನ ಸುತ್ತಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಅಷ್ಟು ಹೊತ್ತಿನಲ್ಲಿ ಒಬ್ಬರಿಗೆ ಎಷ್ಟು ಗೊತ್ತಿದೆ ಎಂದು ಅಳೆಯಲು ಯಾರಿಂದಲೂ ಆಗದು. ಹೇಳಿದ್ದನ್ನು ನಿಜಕ್ಕೂ ಇವರೇ ಮಾಡಿದ್ದಾರೆಯೇ ಎಂಬುದನ್ನು ಮಾತ್ರ ಅಳೆಯಬಹುದು. ಹಾಗಾಗಿ ಸಂದರ್ಶಕರು ರೆಸ್ಯೂಮೆಯ ಒಂದು ಸಾಲು ಹಿಡಿದು ಕೆಳಗೆ ಇಳಿಯುತ್ತಾರೆ. ಮೊದಲು ಏನು ಮಾಡಿದಿರಿ, ಆಮೇಲೆ ಹೇಗೆ ಮಾಡಿದಿರಿ, ಕೊನೆಗೆ ಹಾಗೆಯೇ ಏಕೆ ಮಾಡಿದಿರಿ. ಮೊದಲನೆಯದಕ್ಕೆ ಎಲ್ಲರೂ ಉತ್ತರಿಸುತ್ತಾರೆ. ಎರಡನೆಯದಕ್ಕೆ ಅರ್ಧ ಜನ ನಿಲ್ಲುತ್ತಾರೆ. ಮೂರನೆಯದಕ್ಕೆ ಉತ್ತರ ಕೊಟ್ಟವರ ಹೆಸರಿನ ಮುಂದೆ ಗುರುತು ಬೀಳುತ್ತದೆ.

ಇದರ ಅರ್ಥ ನಿಮಗೆ ಒಳ್ಳೆಯದೇ. ಹತ್ತು ವಿಷಯ ಮೇಲೆಮೇಲೆ ಓದುವ ಅಗತ್ಯವಿಲ್ಲ. ಕೈಯಾರೆ ಮಾಡಿದ ಒಂದು ಕೆಲಸವನ್ನು ತಳದವರೆಗೆ ತಿಳಿದುಕೊಂಡರೆ ಸಾಕು. ನಿಮಗೆ ಅಂಥ ಒಂದು ಕೆಲಸ ಈಗಾಗಲೇ ಇದೆ, ನಮ್ಮ ಸೀಮೆಯ ಕೆಲಸ, ಬ್ಯಾಡಗಿ ದರದ್ದು. ಅದನ್ನು ಬಿಟ್ಟು ಕ್ಲೌಡ್ ಹಿಂದೆ ಓಡಬೇಡಿ.

ಮೊದಲು ರೆಸ್ಯೂಮೆ ಕೈಗೆತ್ತಿಕೊಂಡು ಪೆನ್ನಿನಿಂದ ಹೊಡೆದುಹಾಕುವುದರಿಂದ ಶುರುಮಾಡಿ. ಪ್ರತಿ ಸಾಲಿಗೂ ನೀವೇ ಮೂರು ಪ್ರಶ್ನೆ ಹಾಕಿಕೊಳ್ಳಿ. ಮಷೀನ್ ಲರ್ನಿಂಗ್ ಎಂದು ಬರೆದಿದ್ದೀರಲ್ಲ, ಡೇಟಾವನ್ನು ತರಬೇತಿಗೆಂದು ಒಂದು ಭಾಗ, ಪರೀಕ್ಷೆಗೆಂದು ಇನ್ನೊಂದು ಭಾಗ ಮಾಡುವುದು ಏಕೆ? ತರಬೇತಿಯ ಡೇಟಾದ ಮೇಲೆ ಸರಿಯಾಗಿ ಹೇಳುವ ಮಾದರಿ ಹೊಸ ಡೇಟಾದ ಮೇಲೆ ಏಕೆ ತಪ್ಪುತ್ತದೆ? ಸ್ವಂತ ಮಾತಿನಲ್ಲಿ ಹೇಳಲು ಬರದಿದ್ದರೆ ಆ ಸಾಲು ಹೋಗಲಿ. ಖಾಲಿ ಉಳಿದ ಜಾಗದಿಂದ ಯಾರಿಗೂ ಕೆಲಸ ತಪ್ಪುವುದಿಲ್ಲ, ಬರೆದು ಉತ್ತರಿಸಲಾಗದ ಸಾಲಿನಿಂದ ತಪ್ಪುತ್ತದೆ. ಏಕೆಂದರೆ ಅಲ್ಲಿಂದ ಮುಂದೆ ನೀವು ಹೇಳುವ ಸರಿಯಾದ ಮಾತಿನ ಮೇಲೂ ಅನುಮಾನ ಶುರುವಾಗುತ್ತದೆ. ಭಾಷೆಗಳಲ್ಲೂ ಒಂದನ್ನೇ ಇಟ್ಟುಕೊಳ್ಳಿ. ಜಾವಾನೋ ಪೈಥಾನೋ, ಅದು ನಿಮಗೆ ಬಿಟ್ಟದ್ದು. ಪುಸ್ತಕ ನೋಡದೆ ಹಾಳೆಯ ಮೇಲೆ ಯಾವುದರಲ್ಲಿ ಬರೆಯಬಲ್ಲಿರೋ ಅದೇ ನಿಮ್ಮ ಭಾಷೆ. ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ಕಂಪನಿಗಳು ಕೆಲಸಕ್ಕೆ ಬೇಕಾದ ಭಾಷೆಯನ್ನು ತಾವೇ ಕಲಿಸುತ್ತವೆ. ಒಂದನ್ನು ಗಟ್ಟಿಯಾಗಿ ಕಲಿತವರು ಎರಡನೆಯದನ್ನು ಕಲಿಯುತ್ತಾರೆ ಎಂಬ ನಂಬಿಕೆ ಅವರಿಗಿರುತ್ತದೆ.

ಇನ್ನು ನಿಮ್ಮ ಪ್ರಾಜೆಕ್ಟ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ತಯಾರಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಗಬೇಕು.

ಮಾರುಕಟ್ಟೆಯ ದರ ಹೇಗೆ ಬರುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಒಂದು ದಿನ, ಒಂದು ಮಾರುಕಟ್ಟೆ, ಒಂದು ತಳಿಗೆ ಕನಿಷ್ಠ ದರ, ಗರಿಷ್ಠ ದರ, ಹೆಚ್ಚಿನ ಮಾಲು ಮಾರಾಟವಾದ ದರ, ಹೀಗೆ ಕ್ವಿಂಟಲ್ ಲೆಕ್ಕದಲ್ಲಿ ಮೂರು ಅಂಕಿ ಪ್ರಕಟವಾಗುತ್ತವೆ. ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿ, ರಾಜ್ಯದ ಕೃಷಿ ಮಾರಾಟವಾಹಿನಿಯಲ್ಲಿ, ಈ ಎರಡು ಜಾಲತಾಣಗಳಲ್ಲಿ, ಇವು ಸಿಗುತ್ತವೆ. ಬ್ಯಾಡಗಿ ಮಾರುಕಟ್ಟೆಗೆ ಡಬ್ಬಿ ತಳಿಯೂ ಬರುತ್ತದೆ, ಕಡ್ಡಿಯೂ ಬರುತ್ತದೆ, ಗುಂಟೂರೂ ಬರುತ್ತದೆ. ಇಷ್ಟು ತಿಳಿದ ಮೇಲೆ ಪ್ರೈಮರಿ ಕೀ ಪ್ರಶ್ನೆಗೆ ಉತ್ತರ ಎದುರಿಗೇ ಇದೆ. ದಿನಾಂಕವೊಂದನ್ನೇ ಕೀ ಮಾಡಿದರೆ ಡಬ್ಬಿಯ ದರ ಹಾಕಿದ ಮೇಲೆ ಅದೇ ದಿನದ ಕಡ್ಡಿಯ ದರ ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ಮಾರುಕಟ್ಟೆ, ತಳಿ, ದಿನಾಂಕ ಮೂರೂ ಸೇರಿ ಒಂದು ಸಾಲನ್ನು ಗುರುತಿಸುತ್ತವೆ.

ಸಂದರ್ಶಕರು ಅಲ್ಲಿಗೇ ಬಿಡುವುದಿಲ್ಲ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ ಎಂದು ಇಟ್ಟುಕೊಳ್ಳಿ:

“ನಿಮ್ಮ ಟೇಬಲ್‌ನಲ್ಲಿ ತಾನಾಗಿಯೇ ಏರುವ ಐಡಿ ಸಂಖ್ಯೆ ಇದೆಯಲ್ಲ, ಅದೇ ಕೀ ಆದರೆ ಸಾಲದೇ?”

“ಸಾಲನ್ನು ಗುರುತಿಸಲು ಸಾಕು ಸರ್. ಆದರೆ ಒಂದೇ ದಿನದ ಡಬ್ಬಿ ದರವನ್ನು ಯಾರಾದರೂ ಎರಡು ಸಲ ಹಾಕಿದರೆ ಐಡಿ ಬೇರೆಬೇರೆ ಆಗಿ ಎರಡೂ ಒಳಗೆ ಬಂದುಬಿಡುತ್ತವೆ. ಅದಕ್ಕೆ ಮಾರುಕಟ್ಟೆ, ತಳಿ, ದಿನಾಂಕ ಮೂರೂ ಸೇರಿದಂತೆ ಯೂನಿಕ್ ಕನ್‌ಸ್ಟ್ರೇಂಟ್, ಅಂದರೆ ಅದೇ ಮೂರು ಮತ್ತೊಮ್ಮೆ ಬಾರದಂತೆ ತಡೆಯುವ ನಿಯಮ, ಹಾಕಬೇಕು.”

“ಮಾರುಕಟ್ಟೆಗೆ ರಜೆ ಇದ್ದ ದಿನ ಏನು ಹಾಕುತ್ತೀರಿ?”

“ಸೊನ್ನೆ ಹಾಕಿದರೆ ತಿಂಗಳ ಸರಾಸರಿ ಇಳಿದುಹೋಗುತ್ತದೆ. ಅದಕ್ಕೆ ಆ ದಿನ ಸಾಲೇ ಇರುವುದಿಲ್ಲ. ಗ್ರಾಫ್ ತೋರಿಸುವಾಗ ಆ ಜಾಗ ಖಾಲಿ ಬಿಡುತ್ತೇವೆ.”

ಇಲ್ಲಿಗೆ ಬಂದರೆ ಎದುರಿಗಿದ್ದವರು ನಿಮ್ಮ ಅಂಕಪಟ್ಟಿಯನ್ನು ಪಕ್ಕಕ್ಕೆ ಇಡುತ್ತಾರೆ. ಈ ಉತ್ತರಗಳಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಆದರೆ ಇವು ಯಾವ ಗೈಡ್‌ನಲ್ಲೂ ಇರುವುದಿಲ್ಲ, ಕೆಲಸ ಮಾಡಿದವರ ಬಾಯಲ್ಲಿ ಮಾತ್ರ ಬರುತ್ತವೆ.

ಮುಂದೆ ಒಂದು ಹೆಜ್ಜೆ ಹೋಗಿ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಲ್ಲಿ, ಬರೆಸುತ್ತಾರೆ. ಈ ತಿಂಗಳು ಪ್ರತಿ ತಳಿಯ ಗರಿಷ್ಠ ದರ ತೆಗೆಯಿರಿ ಎನ್ನುತ್ತಾರೆ. ತಳಿವಾರು ಗುಂಪು ಮಾಡುವ ಗ್ರೂಪ್ ಬೈ ಹಾಕಿ, ಅತಿ ದೊಡ್ಡದನ್ನು ಕೊಡುವ ಮ್ಯಾಕ್ಸ್‌ನಿಂದ ತೆಗೆದುಕೊಡುತ್ತೀರಿ. ಕೂಡಲೇ, ಆ ದರ ಬಂದ ದಿನಾಂಕವನ್ನೂ ತೋರಿಸಿ ಎನ್ನುತ್ತಾರೆ. ಹೆಚ್ಚಿನವರು ಇಲ್ಲಿ ಅದೇ ಕ್ವೆರಿಗೆ ದಿನಾಂಕದ ಕಾಲಮ್ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಕೆಲವು ಡೇಟಾಬೇಸ್‌ಗಳು ಅದನ್ನು ಒಪ್ಪುವುದೇ ಇಲ್ಲ, ಒಪ್ಪುವಂಥವುಗಳಲ್ಲಿ ಕೆಲವು ಆ ತಳಿಯ ಯಾವುದೋ ಒಂದು ದಿನಾಂಕ ಕೊಡುತ್ತವೆ. ಸರಿಯಾದ ದಾರಿ ಎಂದರೆ ತಳಿಗೊಂದು ಗರಿಷ್ಠ ದರ ತೆಗೆದ ಉತ್ತರವನ್ನು ಮತ್ತೆ ಮೂಲ ಟೇಬಲ್‌ಗೆ ಜಾಯಿನ್ ಮಾಡುವುದು. ಒಂದೇ ಗರಿಷ್ಠ ದರ ಎರಡು ದಿನ ಬಂದಿದ್ದರೆ ಎರಡು ಸಾಲು ಬರುತ್ತವೆ ಎಂಬುದನ್ನೂ ಸೇರಿಸಿ ಹೇಳಿ. ಇದನ್ನು ಓದಿ ಬಿಡಬೇಡಿ. ಇಪ್ಪತ್ತು ಸಾಲು ಡೇಟಾ ಹಾಕಿ, ತಪ್ಪಾಗಿ ಬರೆದು ನೋಡಿ, ಸರಿಯಾಗಿ ಬರೆದು ನೋಡಿ.

ನಾಲ್ವರ ಪ್ರಾಜೆಕ್ಟ್ ಎಂದಿರಿ. ‘ನಾವು ಮಾಡಿದೆವು’ ಎನ್ನುತ್ತಾ ಹೋದರೆ ‘ಅದರಲ್ಲಿ ನೀವು ಮಾಡಿದ್ದು ಯಾವುದು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೋಡ್ ಬರೆದದ್ದು ಗೆಳತಿಯೊಬ್ಬಳೇ, ನೀವು ರಿಪೋರ್ಟ್ ಮಾತ್ರ ಮಾಡಿದ್ದು ಎಂದಾದರೂ ಗಾಬರಿ ಬೇಡ, ಇನ್ನೂ ಒಂದು ತಿಂಗಳಿದೆ. ಇಡೀ ಕೋಡ್ ತರಿಸಿಕೊಳ್ಳಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲಿನಿಂದ ಓಡಿಸಿ, ನೀವೊಬ್ಬರೇ ಒಂದು ಹೊಸ ಭಾಗ ಸೇರಿಸಿ. ಉದಾಹರಣೆಗೆ, ರೈತರು ಎರಡು ಮಾರುಕಟ್ಟೆಯ ದರವನ್ನು ಅಕ್ಕಪಕ್ಕ ನೋಡುವಂಥದ್ದು. ಅದನ್ನು ಮಾಡುವಾಗ ಎಲ್ಲಿ ಸಿಕ್ಕಿಬಿದ್ದಿರಿ, ಎರಡು ದಿನ ತಲೆ ತಿಂದ ತೊಂದರೆ ಯಾವುದು, ಹೇಗೆ ಬಿಡಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ‘ಈ ಪ್ರಾಜೆಕ್ಟ್‌ನಲ್ಲಿ ಕಷ್ಟವಾದದ್ದು ಯಾವುದು’ ಎಂದು ನಾನು ಎಲ್ಲರಿಗೂ ಕೇಳುತ್ತೇನೆ. ‘ಎಲ್ಲ ಸಲೀಸಾಗಿ ಆಯಿತು’ ಎಂದವರು ಕೋಡ್ ಮುಟ್ಟಿಲ್ಲ ಎಂದೇ ನನ್ನ ಲೆಕ್ಕ. ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ತಂದ ಗೆಳೆಯರು ನಿಮಗಿದ್ದರೆ ಅವರಿಗೂ ಇದನ್ನೇ ಹೇಳಿ.

ಇನ್ನೊಂದು ಸಣ್ಣ ಕೆಲಸ. ವೆಬ್‌ಸೈಟ್ ಓಡುವುದನ್ನು ಒಂದು ನಿಮಿಷದ ವಿಡಿಯೋ ಮಾಡಿ ಫೋನಿನಲ್ಲೇ ಇಟ್ಟುಕೊಳ್ಳಿ. ಮೇಳದ ಸಭಾಂಗಣದಲ್ಲಿ ಸಾವಿರಾರು ಫೋನು ಒಟ್ಟಿಗೆ ಇದ್ದಾಗ ನೆಟ್‌ವರ್ಕ್ ಸಿಗುವುದಿಲ್ಲ. ತೋರಿಸಲೇ ಎಂದು ಕೇಳಿ, ಹೂಂ ಎಂದರೆ ತೋರಿಸಿ.

ಮೇಳದಲ್ಲಿ ಕಂಪ್ಯೂಟರ್ ಕೊಡುವುದು ಅಪರೂಪ, ಬಿಳಿ ಹಾಳೆಯ ಮೇಲೆ ಕೋಡ್ ಬರೆಸುತ್ತಾರೆ. ಕೇಳುವ ಲೆಕ್ಕಗಳು ಸರಳ: ಅಕ್ಷರಗಳನ್ನು ತಿರುಗಿಸುವುದು, ಪಟ್ಟಿಯಲ್ಲಿ ಎರಡು ಸಲ ಬಂದ ಸಂಖ್ಯೆ ಹುಡುಕುವುದು, ಎರಡನೆಯ ದೊಡ್ಡ ಸಂಖ್ಯೆ ಹೇಳುವುದು. ಸರಳ ಎಂದೇ ಜನ ಇದರಲ್ಲಿ ಬೀಳುತ್ತಾರೆ. ಎರಡನೆಯ ದೊಡ್ಡ ಸಂಖ್ಯೆಯನ್ನೇ ನೋಡಿ. ಪೆನ್ನು ಹಿಡಿಯುವ ಮೊದಲು ಕೇಳಿ: ಅತಿ ದೊಡ್ಡ ಸಂಖ್ಯೆ ಎರಡು ಸಲ ಬಂದಿದ್ದರೆ ಎರಡನೆಯದು ಅದೇ ಆಗುತ್ತದೆಯೋ, ಅದಕ್ಕಿಂತ ಚಿಕ್ಕದೋ? ಈ ಒಂದು ಪ್ರಶ್ನೆಗೇ ಒಳ್ಳೆಯ ಸಂದರ್ಶಕರು ಖುಷಿಪಡುತ್ತಾರೆ. ಆಮೇಲೆ ಹೆಚ್ಚಿನವರು ಮಾಡುವ ಹಾಗೆ ‘ದೊಡ್ಡದು = 0’ ಎಂದು ಶುರುಮಾಡಬೇಡಿ, ಪಟ್ಟಿಯಲ್ಲಿ ಇರುವುದೆಲ್ಲ ಋಣ ಸಂಖ್ಯೆಗಳಾದರೆ ಉತ್ತರ ಸೊನ್ನೆ ಎಂದು ಬಂದುಬಿಡುತ್ತದೆ. ಒಂದೇ ಸಂಖ್ಯೆ ಇದ್ದರೆ ಏನು, ಎಲ್ಲವೂ ಸಮವಾಗಿದ್ದರೆ ಏನು ಎಂದು ಯೋಚಿಸಿ. ಪಟ್ಟಿಯನ್ನು ಏರಿಕೆಯಲ್ಲಿ ಜೋಡಿಸಿಯೂ ಉತ್ತರ ತೆಗೆಯಬಹುದು, ಆದರೆ ಒಂದೇ ಸಲ ಪಟ್ಟಿಯ ಮೇಲೆ ಹಾದುಹೋದರೆ ಸಾಲುವ ಕೆಲಸಕ್ಕೆ ಜೋಡಣೆ ದುಬಾರಿ. ಈ ಮಾತನ್ನು ಬಾಯಿಬಿಟ್ಟು ಹೇಳಿ. ಬರೆದ ಮೇಲೆ ಐದು ಸಂಖ್ಯೆ ಹಾಕಿಕೊಂಡು ಸಾಲುಸಾಲಾಗಿ ಕೈಯಲ್ಲೇ ಓಡಿಸಿ ತೋರಿಸಿ. ನಿಮ್ಮ ತಪ್ಪನ್ನು ನೀವೇ ಹಿಡಿದು ತಿದ್ದಿದರೆ ಅಂಕ ಕಡಿಮೆಯಾಗುವುದಿಲ್ಲ, ಏರುತ್ತದೆ.

ದಿನಕ್ಕೆ ಇಂಥ ಎರಡು ಲೆಕ್ಕ, ಹಾಳೆಯ ಮೇಲೆ ಮಾತ್ರ. ಬರೆಯುವಾಗ ಬಾಯಲ್ಲಿ ಹೇಳುತ್ತಾ ಬರೆಯಿರಿ, ಕೇಳಲು ಅವ್ವ ಕೂತರೂ ಆದೀತು. ಮೌನವಾಗಿ ಬರೆಯುವುದು ಪರೀಕ್ಷೆಯಲ್ಲಿ ನಡೆದಿದೆ, ಸಂದರ್ಶನದಲ್ಲಿ ನಡೆಯುವುದಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪಾಠದ ನಾಲ್ಕು ತತ್ತ್ವ, ಸ್ಟ್ಯಾಕ್ ಮತ್ತು ಕ್ಯೂ, ಅರೇ ಮತ್ತು ಲಿಂಕ್ಡ್ ಲಿಸ್ಟ್ ನಡುವಿನ ವ್ಯತ್ಯಾಸ, ಇವನ್ನೂ ನೋಡಿಕೊಳ್ಳಿ. ಉದಾಹರಣೆಯನ್ನು ಮಾತ್ರ ನಿಮ್ಮ ಪ್ರಾಜೆಕ್ಟ್‌ನಿಂದಲೇ ಕೊಡಿ. ಕೆಲವು ಕಂಪನಿಗಳು ಸಂದರ್ಶನಕ್ಕೆ ಮೊದಲೇ ಆಪ್ಟಿಟ್ಯೂಡ್ ಪರೀಕ್ಷೆ ಇಡುತ್ತವೆ. ಕೆಲಸ ಮತ್ತು ಕಾಲ, ಶೇಕಡಾ, ಅನುಪಾತ, ಸಂಖ್ಯಾ ಸರಣಿಗಳಿಗೆ ದಿನಾ ಅರ್ಧ ತಾಸು ಗಡಿಯಾರ ಇಟ್ಟುಕೊಂಡು ಕೂತರೆ ಆಯಿತು.

ಈಗ ‘ನಿಮ್ಮ ಬಗ್ಗೆ ಹೇಳಿ’. ಬಾಯಿಪಾಠ ಮರೆತದ್ದಕ್ಕೆ ಬೇಸರ ಪಡಬೇಡಿ, ಪೂರ್ತಿ ನೆನಪಿದ್ದಿದ್ದರೂ ಅದರಿಂದ ಉಪಯೋಗವಾಗುತ್ತಿರಲಿಲ್ಲ. ತಂದೆಯ ಹೆಸರು, ಊರು, ಹತ್ತನೆಯ ತರಗತಿಯ ಶೇಕಡಾ, ಹವ್ಯಾಸ ಎಂದು ಶುರುವಾಗುವ ಆ ಪಾಠ ಸಂದರ್ಶಕರಿಗೆ ಬೆಳಗಿನಿಂದ ಕೇಳಿ ಕೇಳಿ ಸಾಕಾಗಿರುತ್ತದೆ. ಅವರು ಈ ಪ್ರಶ್ನೆ ಕೇಳುವುದು ಮುಂದಿನ ಪ್ರಶ್ನೆಗೆ ಒಂದು ಎಳೆ ಸಿಗಲಿ ಎಂದು. ಹಾಗಾಗಿ ಯಾವ ಎಳೆ ಸಿಗಬೇಕೆಂದು ನೀವೇ ನಿರ್ಧರಿಸಿ. ನಾಲ್ಕು ವಾಕ್ಯ ಸಾಕು: ನಾನು ಗದಗಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಓದಿದೆ. ಡೇಟಾಬೇಸ್ ನನಗೆ ಇಷ್ಟದ ವಿಷಯ, ಕೋಡ್ ಬರೆಯುವುದು ಜಾವಾದಲ್ಲಿ. ಕೊನೆಯ ವರ್ಷ ಬ್ಯಾಡಗಿ ಮೆಣಸಿನಕಾಯಿಯ ದರ ತೋರಿಸುವ ವೆಬ್‌ಸೈಟ್ ಮಾಡಿದೆವು, ಅದರ ಡೇಟಾಬೇಸ್ ನನ್ನದು. ದರ ಎರಡು ಸಲ ದಾಖಲಾಗುವ ತೊಂದರೆಯನ್ನು ನಾನು ಹೇಗೆ ಬಿಡಿಸಿದೆ ಎಂದು ಬೇಕಿದ್ದರೆ ಹೇಳುತ್ತೇನೆ. ಇಷ್ಟು ಹೇಳಿ ನಿಲ್ಲಿ. ಮುಂದಿನ ಪ್ರಶ್ನೆ ನಿಮ್ಮ ಅಂಗಳದಲ್ಲೇ ಬಂದು ಬೀಳುತ್ತದೆ.

ಇಂಗ್ಲಿಷ್ ವಿಚಾರದಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಹೊರದೇಶದ ಗ್ರಾಹಕರೊಂದಿಗೆ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಸರಾಗ ಇಂಗ್ಲಿಷ್ ಬೇಕು. ಕೋಡ್ ಬರೆಯುವ, ಪರೀಕ್ಷಿಸುವ ಹೊಸಬರ ಕೆಲಸಕ್ಕೆ ಬೇಕಾದದ್ದು ಬೇರೆ: ಕೇಳಿದ್ದು ಅರ್ಥವಾಗಬೇಕು, ನೀವು ಮಾಡಿದ್ದನ್ನು ಚಿಕ್ಕ ವಾಕ್ಯಗಳಲ್ಲಿ ಹೇಳಲು ಬರಬೇಕು. ವ್ಯಾಕರಣ ಅಲ್ಲಲ್ಲಿ ತಪ್ಪಿದರೆ ನಾವು ಗಮನಿಸುವುದೂ ಇಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ಏನನ್ನೂ ಹೇಳದ ಹುಡುಗರು, ಮುರುಕು ಇಂಗ್ಲಿಷಿನಲ್ಲಿ ಸರಿಯಾದ ಉತ್ತರ ಕೊಟ್ಟ ಹುಡುಗಿಯರು, ಇಬ್ಬರೂ ನನ್ನ ಮುಂದೆ ಕೂತಿದ್ದಾರೆ. ಆರಿಸುವಾಗ ನಾನು ಹಿಂದೆಮುಂದೆ ನೋಡಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಆ ಮೇಜಿನ ಮುಂದೆ ತಮ್ಮನ್ನು ತಾವೇ ಕಡಿಮೆ ಮಾಡಿಕೊಂಡು ಕೂರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಾಡಬೇಕಾದದ್ದು ಇಷ್ಟು. ನಿಮ್ಮ ಪ್ರಾಜೆಕ್ಟ್ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಿರಿ, ಒಂದೊಂದೂ ಎಂಟು ಪದ ದಾಟದಿರಲಿ. ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಎಡವಿದ ವಾಕ್ಯವನ್ನು ಇನ್ನೂ ಚಿಕ್ಕದು ಮಾಡಿ. ಎರಡನೆಯ ವಾರದಿಂದ ಗೆಳತಿಯೊಬ್ಬಳಿಂದ ಪ್ರಶ್ನೆ ಕೇಳಿಸಿಕೊಳ್ಳಿ, ಆಗ ಬರೆದದ್ದನ್ನು ಬಿಟ್ಟು ಮಾತಾಡುವುದು ರೂಢಿಯಾಗುತ್ತದೆ. ಸಂದರ್ಶನದ ನಡುವೆ ಮಾತು ಸಿಕ್ಕಿಕೊಂಡರೆ, ಈ ಒಂದು ಭಾಗವನ್ನು ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ. ಹುಬ್ಬಳ್ಳಿಯ ಮೇಳಕ್ಕೆ ಬರುವವರಲ್ಲಿ ಕನ್ನಡ ಬಲ್ಲವರು ಬಹಳ. ಒಂದು ಸಲ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪ್ರತಿ ಉತ್ತರಕ್ಕೂ ಕೇಳಿದರೆ ತಯಾರಿ ಆಗಿಲ್ಲ ಎಂದುಕೊಳ್ಳುತ್ತಾರೆ.

ಗೊತ್ತಿಲ್ಲದ ಪ್ರಶ್ನೆ ಬರುತ್ತದೆ, ಖಂಡಿತ ಬರುತ್ತದೆ. ಕೆಲವೊಮ್ಮೆ ಅದನ್ನು ಬೇಕೆಂದೇ ಕೇಳುತ್ತಾರೆ, ನೀವು ಏನು ಮಾಡುತ್ತೀರಿ ಎಂದು ನೋಡಲು. ‘ಇದು ನನಗೆ ಗೊತ್ತಿಲ್ಲ’ ಎಂದು ನೆಟ್ಟಗೆ ಹೇಳಿ, ಅದರ ಹತ್ತಿರದ ಯಾವುದಾದರೂ ಗೊತ್ತಿದ್ದರೆ ಅಲ್ಲಿಂದ ಯೋಚಿಸಲು ಯತ್ನಿಸಿ. ಯೋಚಿಸಲು ಅರ್ಧ ನಿಮಿಷ ಕೇಳಿ ಪಡೆಯಿರಿ. ಊಹೆಯನ್ನು ಖಚಿತ ಎಂಬಂತೆ ಹೇಳುವುದಕ್ಕಿಂತ ಹಾನಿಕರವಾದದ್ದು ಇಲ್ಲ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದರೆ, ಒಂದು ವರ್ಷ ಬಿಟ್ಟುಹೋಗಿದ್ದರೆ ಅದನ್ನೂ ಹೀಗೇ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ. ಹತ್ತನೆಯ ತರಗತಿ, ಪಿಯು, ಪದವಿ ಮೂರರಲ್ಲೂ ಶೇ 60 ಬೇಕು ಎಂಬ ನಿಯಮ ಇಟ್ಟುಕೊಂಡ ಕಂಪನಿಗಳಿವೆ. ಅಂಥ ಕಡೆ ನಿಯಮ ನಿಮಗೆ ಹೊಂದದಿದ್ದರೆ ಪಾಳಿಯಲ್ಲಿ ನಿಂತು ಹೊತ್ತು ಕಳೆಯಬೇಡಿ.

ಮೇಳದ ದಿನದ ಬಗ್ಗೆ ಕೆಲವು ಮಾತು. ಶಕ್ತಿ ಯೋಜನೆಯಿಂದಾಗಿ ನಿಮಗೆ ಬಸ್ಸಿನ ಖರ್ಚಿಲ್ಲ, ಮೊದಲ ಬಸ್ಸಿಗೇ ಹೊರಡಿ. ಒಂದು ಪುಟದ ರೆಸ್ಯೂಮೆ ಹತ್ತು ಪ್ರತಿ, ಮಾರ್ಕ್ಸ್ ಕಾರ್ಡ್‌ಗಳ ಝೆರಾಕ್ಸ್, ಆಧಾರ್, ನಾಲ್ಕು ಫೋಟೋ, ಬಿಳಿ ಹಾಳೆ, ಎರಡು ಪೆನ್ನು, ಬುತ್ತಿ. ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲದಿದ್ದರೆ ರೆಸ್ಯೂಮೆಯಲ್ಲಿ ಎರಡನೆಯ ಫೋನ್ ಸಂಖ್ಯೆಯೂ ಇರಲಿ. ಆಯ್ಕೆಯಾದವರಿಗೆ ಫೋನ್ ಮಾಡಿದಾಗ ಸಿಗದೆ ಮುಂದಿನ ಹೆಸರಿಗೆ ಹೋದದ್ದನ್ನು ಕಂಡಿದ್ದೇನೆ.

ಒಳಗೆ ಹೋದ ಕೂಡಲೇ ಉದ್ದದ ಪಾಳಿ ಸೇರಬೇಡಿ. ಒಂದೇ ಕಾಲೇಜಿನ ಹತ್ತು ಜನ ಗುಂಪಾಗಿ ಹೋಗಿ ಹೆಸರಾಂತ ಕಂಪನಿಯ ಮುಂದೆ ನಿಂತು ದಿನ ಕಳೆಯುವುದು ಪ್ರತಿ ಮೇಳದಲ್ಲೂ ನಡೆಯುತ್ತದೆ. ಒಂದು ಸುತ್ತು ಹಾಕಿ, ಯಾರು ಯಾವ ಹುದ್ದೆಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದುಕೊಳ್ಳಿ. ಹುದ್ದೆಯ ಹೆಸರು ನೋಡಿ ಮೋಸ ಹೋಗುವುದು ಸುಲಭ. ‘ಟೆಕ್ನಿಕಲ್ ಅಸೋಸಿಯೇಟ್’ ಎಂದು ಬರೆದ ಕಡೆ ಕೆಲಸ ದೂರವಾಣಿ ಕರೆಯದ್ದಾಗಿರಬಹುದು, ‘ಬಿಸಿನೆಸ್ ಡೆವಲಪ್‌ಮೆಂಟ್’ ಎಂದರೆ ಸಾಮಾನ್ಯವಾಗಿ ಮಾರಾಟ. ಅವು ಕೀಳು ಕೆಲಸಗಳೆಂದು ನಾನು ಹೇಳುತ್ತಿಲ್ಲ, ನಿಮಗೆ ಬೇಕಾದದ್ದು ಅವಲ್ಲ. ಆರು ತಿಂಗಳು ದಿನಾ ನಾನು ಮಾಡುವ ಕೆಲಸ ಏನು ಎಂದು ಕೇಳಿಬಿಡಿ, ಉತ್ತರದಲ್ಲಿ ಎಲ್ಲ ತಿಳಿಯುತ್ತದೆ. ನಿಮಗೆ ಅಷ್ಟೇನೂ ಆಸೆಯಿಲ್ಲದ ಒಂದು ಕಂಪನಿಯಲ್ಲಿ ಮೊದಲು ಕೂತು ಬನ್ನಿ. ಅಂಜಿಕೆ ಅಲ್ಲಿ ಇಳಿದುಹೋಗುತ್ತದೆ. ಪಾಳಿಯಲ್ಲಿ ನಿಂತಾಗ ಹೊರಬರುವವರನ್ನು ಏನು ಕೇಳಿದರು ಎಂದು ವಿಚಾರಿಸಿ. ಉಡುಪಿನ ಬಗ್ಗೆ ಬಹಳ ಜನ ತಲೆಕೆಡಿಸಿಕೊಳ್ಳುತ್ತಾರೆ: ಇಸ್ತ್ರಿ ಮಾಡಿದ ಚೂಡಿದಾರ, ದಿನವಿಡೀ ನಿಲ್ಲಲು ಬರುವ ಪಾದರಕ್ಷೆ, ಮುಗಿಯಿತು.

ಬೆಂಗಳೂರಿನ ಮಾತು ಮೇಳಕ್ಕೆ ಮೊದಲೇ ಮನೆಯಲ್ಲಿ ಇತ್ಯರ್ಥವಾಗಬೇಕು. ‘ಎಲ್ಲಿಗೆ ಹಾಕಿದರೂ ಹೋಗುತ್ತೀರಾ’ ಎಂದು ಕೇಳಿಯೇ ಕೇಳುತ್ತಾರೆ. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂಬ ಉತ್ತರಕ್ಕೆ ಯಾರೂ ಕಾಯುವುದಿಲ್ಲ, ಹೂಂ ಎಂದು ಆಮೇಲೆ ಹಿಂದೆ ಸರಿದರೆ ನಿಮ್ಮ ಕಾಲೇಜಿನ ಮುಂದಿನ ಮಕ್ಕಳಿಗೂ ತೊಂದರೆ. ಹುಬ್ಬಳ್ಳಿಯಲ್ಲೂ ಕೆಲಸಗಳಿವೆ. ಗೋಕುಲ ರಸ್ತೆಯಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ, ಹೊಸ ಉದ್ಯಮಗಳಿಗೆ ನೆಲೆ ಕೊಡುವ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ಕಡೆ ಬೆಳೆಯುತ್ತಿರುವ ಸಣ್ಣ ಕಂಪನಿಗಳಿವೆ. ಸಣ್ಣ ಕಂಪನಿಯಲ್ಲಿ ಸಂಬಳ ಕಡಿಮೆಯಾದರೂ ಕೋಡ್ ಬರೆಯುವ ಅವಕಾಶ ಮೊದಲ ತಿಂಗಳಿನಿಂದಲೇ ಸಿಗಬಹುದು, ಅಂಥದ್ದು ಬಂದರೆ ಬಿಡಬೇಡಿ. ಆದರೂ ಹುಬ್ಬಳ್ಳಿಯೇ ಆಗಬೇಕೆಂದರೆ ತೆರೆದ ಬಾಗಿಲುಗಳು ಕಡಿಮೆ ಎಂಬುದನ್ನು ಮನೆಯವರೂ ತಿಳಿದಿರಲಿ. ಬೆಂಗಳೂರಿನಲ್ಲಿರುವ ನಿಮ್ಮ ಕಾಲೇಜಿನ ಅಕ್ಕಂದಿರಲ್ಲಿ ಒಬ್ಬರಿಂದ ನಿಮ್ಮ ಅವ್ವನ ಜೊತೆ ಫೋನಿನಲ್ಲಿ ಮಾತಾಡಿಸಿ. ಎಲ್ಲಿ ಉಳಿಯುತ್ತಾರೆ, ಎಷ್ಟು ಖರ್ಚು, ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಅವರಿಂದಲೇ ಕೇಳಿದರೆ ಅರ್ಧ ಭಯ ಕಳೆಯುತ್ತದೆ. ರಾತ್ರಿ ಶಿಫ್ಟ್ ಇದ್ದರೆ ಹೆಣ್ಣುಮಕ್ಕಳ ಒಪ್ಪಿಗೆ ಪಡೆಯಬೇಕು, ಹೋಗಿಬರಲು ವಾಹನ ಕೊಡಬೇಕು. ಅದನ್ನು ಸಂದರ್ಶನದಲ್ಲೇ ಕೇಳುವುದರಲ್ಲಿ ಸಂಕೋಚ ಬೇಡ.

ಸಂಬಳದ ಮಾತು ಬಂದಾಗ ಅವರು ಹೇಳುವುದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ತಗಲುವ ವರ್ಷದ ಒಟ್ಟು ವೆಚ್ಚ. 3,60,000 ಎಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಎಂದು ಮನೆಯಲ್ಲಿ ಹೇಳಿಬಿಡಬೇಡಿ. ಮೂಲ ವೇತನ ತಿಂಗಳಿಗೆ 15,000 ಎಂದು ಇಟ್ಟುಕೊಳ್ಳಿ. ಕಂಪನಿ ಕಟ್ಟುವ ಶೇ 12ರ ಪಿಎಫ್ ವರ್ಷಕ್ಕೆ 21,600. ಗ್ರಾಚ್ಯುಟಿಗೆಂದು, ಅಂದರೆ ವರ್ಷಗಳ ಸೇವೆಯ ನಂತರ ಕೆಲಸ ಬಿಡುವಾಗ ಕೊಡುವ ಮೊತ್ತಕ್ಕೆಂದು, ಮೂಲ ವೇತನದ ಶೇ 4.81 ಸೇರಿಸಿದರೆ ಸುಮಾರು 8,650. ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಮೊತ್ತ ಶೇ 10 ಇದ್ದರೆ 36,000. ಇವನ್ನೆಲ್ಲ ಕಳೆದರೆ ತಿಂಗಳಿಗೆ ಸುಮಾರು 24,500 ಉಳಿಯುತ್ತದೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋದರೆ ಕೈಗೆ 22,700ರ ಆಸುಪಾಸು. ಇದು ಮೋಸವಲ್ಲ, ಲೆಕ್ಕ ಹಾಗೆಯೇ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ, ಅದರ ಮೇಲೆ ತೀರ್ಮಾನಿಸಿ.

ಬಾಂಡ್ ಎಂದ ಕೂಡಲೇ ಹೆದರಿ ಓಡಬೇಕಿಲ್ಲ, ಅದೊಂದು ಬರೀ ಕಾಗದ ಎಂದು ಹಗುರವಾಗಿಯೂ ನೋಡಬೇಡಿ. 2025ರಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಹಿರಿಯ ಹುದ್ದೆಯ ಪ್ರಕರಣ. ಹಾಗೆಯೇ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕಾಗದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಸಿಗುವುದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರ ಮಾತ್ರ. ಸಹಿ ಮಾಡುವ ಮೊದಲು ಇವನ್ನು ನೋಡಿ: ಎರಡು ವರ್ಷ ಎಣಿಸುವುದು ಸೇರಿದ ದಿನದಿಂದಲೋ ತರಬೇತಿ ಮುಗಿದ ದಿನದಿಂದಲೋ, ಮೊತ್ತ ಎಷ್ಟು, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ, ಕಂಪನಿಯೇ ತೆಗೆದುಹಾಕಿದರೆ ಏನು. ನಿಜವಾದ ತರಬೇತಿ, ನ್ಯಾಯವಾದ ಮೊತ್ತ ಇದ್ದರೆ ಸಹಿ ಹಾಕಬಹುದು. ಮೂಲ ಮಾರ್ಕ್ಸ್ ಕಾರ್ಡ್ ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎಂದರೆ, ಸಹಿ ಮಾಡಿದ ಖಾಲಿ ಚೆಕ್ ಕೇಳಿದರೆ, ಆ ಕೆಲಸ ಬೇಡ. ತೋರಿಸಿ ವಾಪಸ್ ತನ್ನಿ, ಕೊಟ್ಟುಬರಬೇಡಿ.

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೇಳ ಮುಗಿದ ವಾರದಲ್ಲಿ ಇಂಥ ಕರೆಗಳು ಹೆಚ್ಚು, ಏಕೆಂದರೆ ನಿಮ್ಮ ರೆಸ್ಯೂಮೆ ಹಲವರ ಕೈ ಸೇರಿರುತ್ತದೆ. ಇಮೇಲ್ ಕಂಪನಿಯ ಸ್ವಂತ ವಿಳಾಸದಿಂದ ಬಂದಿದೆಯೇ ನೋಡಿ, ಅನುಮಾನ ಬಂದರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕೇಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡಿ.

ಕೊನೆಯದಾಗಿ, ಮೇಳದಲ್ಲಿ ‘ನೀವು ಆಯ್ಕೆಯಾಗಿದ್ದೀರಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಖುಷಿಪಡಿ, ಹೇಳಿದವರ ಹೆಸರು ಮತ್ತು ಇಮೇಲ್ ಬರೆದುಕೊಳ್ಳಿ, ಅಂದೇ ರಾತ್ರಿ ಎರಡು ಸಾಲು ಬರೆದು ಕಳಿಸಿ. ಸಂಬಳ, ಊರು, ಸೇರುವ ದಿನಾಂಕ ಮೂರೂ ಬರೆದ ಪತ್ರ ಕೈಗೆ ಬರುವವರೆಗೆ ಬೇರೆ ಕಡೆ ಅರ್ಜಿ ಹಾಕುವುದನ್ನೂ ಹಾಳೆಯ ಮೇಲೆ ಕೋಡ್ ಬರೆಯುವುದನ್ನೂ ನಿಲ್ಲಿಸಬೇಡಿ.